ಗಂಜಿ ಕೇಂದ್ರದ ಬಾಗಿಲು ಮುಚ್ಚಿದ ಮೇಲೆ

2018ರ ಆಗಸ್ಟ್ ತಿಂಗಳಲ್ಲಿ ಅರಕಲಗೂಡು ತಾಲೂಕಿನ ರಾಮನಾಥಪುರದಲ್ಲಿ ನಡೆದ ಘಟನೆಯೊಂದನ್ನು ಓದುಗರು ಮರೆತಿರಲಾರರು. ಕೊಡಗಿನಲ್ಲಿ ಸುರಿದ ಮಳೆಗೆ ಕಾವೇರಿ ಉಕ್ಕಿ ದಂಡೆಯ ಮನೆಗಳಿಗೆ ನುಗ್ಗಿತ್ತು. ಉಟ್ಟ ಬಟ್ಟೆಯಲ್ಲೇ ಹೊರಬಂದ ಜನರು ಪರಿಹಾರ ಕೇಂದ್ರದಲ್ಲಿ ನೆರೆದಿದ್ದರು. ಅಂದಿನ ಲೋಕೋಪಯೋಗಿ ಸಚಿವ ಎಚ್.ಡಿ. ರೇವಣ್ಣ ಅಲ್ಲಿಗೆ ಭೇಟಿ ನೀಡಿ ಬಿಸ್ಕತ್ತಿನ ಪೊಟ್ಟಣಗಳನ್ನು ಜನರತ್ತ ಎಸೆದರು. ಆ ದೃಶ್ಯ ದೇಶದ ಎಲ್ಲ ವಾಹಿನಿಗಳಲ್ಲೂ ಬಂತು. ವಿರೋಧ ಪಕ್ಷ ಖಂಡಿಸಿತು. ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ತಮ್ಮ ಸಹೋದರನನ್ನು ಸಮರ್ಥಿಸಿಕೊಂಡರು. ಎರಡು ದಿನ ಚರ್ಚೆ ನಡೆದು ಎಲ್ಲವೂ ತಣ್ಣಗಾಯಿತು.

ಬಿಸ್ಕತ್ತು ಎಸೆದದ್ದು ತಪ್ಪು. ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಅವಮಾನ ಒಂದೆರಡು ನಿಮಿಷಗಳದ್ದು. ಅಂದು ಕೆರಳಿದ ನಾವೆಲ್ಲ, ಗಂಜಿ ಕೇಂದ್ರದ ಬಾಗಿಲು ಮುಚ್ಚಿದ ಮೇಲೆ ಆ ಜನರು ಎಲ್ಲಿಗೆ ಹೋದರು, ಯಾವ ಸೂರಿನಡಿ ಮಲಗಿದರು, ಅವರ ಗೋಡೆಗಳು ಎದ್ದವೇ ಎಂದು ಒಮ್ಮೆಯಾದರೂ ವಿಚಾರಿಸಿದ್ದೇವೆಯೇ? ಎಸೆಯುವುದೆಂದರೆ ಕೈಯಿಂದ ಪೊಟ್ಟಣ ತೂರುವುದು ಮಾತ್ರವಲ್ಲ. ಸಂತ್ರಸ್ತನ ಹಕ್ಕನ್ನು ಅವನ ಕೈಗಿಡದೆ, ಅವನು ಹೆಕ್ಕಿಕೊಳ್ಳಲಿ ಎಂದು ತುಂಡು ತುಂಡಾಗಿ ಚೆಲ್ಲುವುದೂ ಎಸೆಯುವುದೇ. ಈ ಎಸೆತ ಯಾವ ಕ್ಯಾಮರಾಕ್ಕೂ ಸಿಗುವುದಿಲ್ಲ. ಅದು ವರ್ಷಗಟ್ಟಲೆ ನಡೆಯುತ್ತದೆ. ಅದರಲ್ಲಿ ಸರಕಾರದ ಪಾಲು ಎಷ್ಟಿದೆಯೋ ನಮ್ಮ ಪಾಲೂ ಅಷ್ಟೇ ಇದೆ.

ನಾವು ಬಲ್ಲ ಒಂದು ಕುಟುಂಬದ ವಿಷಯ ಹೇಳುತ್ತೇವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲೂಕುಗಳ ಪೈಕಿ ಒಂದರಲ್ಲಿ ಅವರ ಮನೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಅವರ ಅರ್ಜಿ ಇನ್ನೂ ಒಂದು ಮೇಜಿನ ಮೇಲಿದೆ. ಯಜಮಾನ ತಳ್ಳುಗಾಡಿಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಗುಜರಿ ಕೊಳ್ಳುವವನು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ವೃದ್ಧೆ ತಾಯಿ, ಒಂಬತ್ತನೆ ತರಗತಿಯ ಮಗಳು, ಅವಳಿಗಿಂತ ಕಿರಿಯ ಮಗ. ಅಜ್ಜನ ಕಾಲದಲ್ಲಿ ಕಟ್ಟಿದ ಎರಡು ಕೋಣೆಯ ಮನೆ, ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು.

2019ರ ಆಗಸ್ಟ್‌ನ ಒಂದು ರಾತ್ರಿ ಹೊಳೆ ಮನೆಯೊಳಗೆ ಬಂತು. ತಾಯಿಯನ್ನು ಬೆನ್ನ ಮೇಲೆ ಹೊತ್ತು, ಮಕ್ಕಳ ಕೈ ಹಿಡಿದು ಶಾಲೆಯ ಕಟ್ಟಡ ಸೇರಿದರು. ಹೊಲಿಗೆ ಯಂತ್ರ ಒಳಗೇ ಉಳಿಯಿತು. ಗಿರಾಕಿಗಳ ಬಟ್ಟೆ, ಮಗಳ ಪುಸ್ತಕ, ಕಾಗದಪತ್ರ ಇಟ್ಟ ಟ್ರಂಕು ಎಲ್ಲವೂ ಕೆಸರಿನ ಪಾಲಾಯಿತು. ನೀರಿಳಿದ ಬಳಿಕ ಸಮೀಕ್ಷೆಗೆ ಬಂದವರು ಗೋಡೆಗಳು ನಿಂತಿರುವುದನ್ನು ನೋಡಿ ‘ಭಾಗಶಃ ಹಾನಿ’ ಎಂದು ಬರೆದುಕೊಂಡು ಹೋದರು. ನಾಲ್ಕು ದಿನ ಬಿಸಿಲು ಬಿತ್ತು. ಐದನೆಯ ದಿನ ಹಿಂಭಾಗದ ಗೋಡೆ ಕುಸಿಯಿತು, ಅದರ ಹಿಂದೆಯೇ ಮಾಡು ಕೂತಿತು.

ಮಣ್ಣಿನ ಗೋಡೆಯ ಸ್ವಭಾವ ಬಲ್ಲ ಯಾವ ಹಳ್ಳಿಗನಿಗೂ ಇದರಲ್ಲಿ ಆಶ್ಚರ್ಯವಿಲ್ಲ. ನೀರು ಕುಡಿದ ಗೋಡೆ ನೀರಿನಲ್ಲಿರುವಾಗಲೇ ಬೀಳಬೇಕೆಂದಿಲ್ಲ, ಒಣಗುವಾಗ ಬೀಳುತ್ತದೆ. ಆದರೆ ಸಮೀಕ್ಷೆಯ ನಮೂನೆಗೆ ಅದು ಗೊತ್ತಿಲ್ಲ. ಆ ವರ್ಷ ರಾಜ್ಯ ಸರಕಾರ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿತ್ತು. ಶೇ. 75ಕ್ಕಿಂತ ಹೆಚ್ಚು ಹಾನಿಯಾದರೆ ಎ, 25ರಿಂದ 75ರವರೆಗೆ ಬಿ, 15ರಿಂದ 25ರವರೆಗೆ ಸಿ. ಈ ಅಕ್ಷರಗಳ ನಡುವಿನ ಅಂತರ ಲಕ್ಷಗಳದ್ದು. ಪೂರ್ಣ ಹಾನಿಯಾದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಘೋಷಿಸಿದ್ದರು. ಕೇಂದ್ರದ ವಿಪತ್ತು ಪರಿಹಾರ ನಿಯಮದ ಪ್ರಕಾರ ಬಯಲುಸೀಮೆಯಲ್ಲಿ ಅಂದು ಸಿಗುತ್ತಿದ್ದದ್ದು 95,100 ರೂಪಾಯಿ. ಅದನ್ನು ನೋಡಿದರೆ ರಾಜ್ಯದ ಘೋಷಣೆ ದೊಡ್ಡದೇ ಆಗಿತ್ತು, ಅದನ್ನು ಒಪ್ಪಿಕೊಳ್ಳೋಣ. ಆದರೆ ನಾವು ಹೇಳುತ್ತಿರುವ ಮನೆ ಐದು ದಿನ ತಡವಾಗಿ ಬಿದ್ದುದರಿಂದ ಅದು ಕೊನೆಯ ಅಕ್ಷರದಲ್ಲಿ ಸಿಕ್ಕಿಕೊಂಡಿತು.

ಮರುಸಮೀಕ್ಷೆಗೆ ಅರ್ಜಿ ಕೊಡಲು ಹೋದಾಗ ಎರಡನೆಯ ಪ್ರಶ್ನೆ ಎದುರಾಯಿತು. ‘ಹಕ್ಕುಪತ್ರ ಎಲ್ಲಿ?’ ಹಕ್ಕುಪತ್ರ ಇರಲೇ ಇಲ್ಲ. ಮೂರು ತಲೆಮಾರು ಬಾಳಿದ ಮನೆ, ಪಂಚಾಯತಿಗೆ ಕಂದಾಯ ಕಟ್ಟಿದ ಮನೆ, ವಿದ್ಯುತ್ ಮೀಟರು ಇದ್ದ ಮನೆ, ಅದೇ ವಿಳಾಸಕ್ಕೆ ಪಡಿತರ ಚೀಟಿಯೂ ಮತದಾರರ ಗುರುತಿನ ಚೀಟಿಯೂ ಇದ್ದ ಮನೆ. ಮತ ಕೇಳಲು ಬರುವಾಗ ಅದು ಮನೆ. ಕಂದಾಯ ವಸೂಲಿಗೆ ಬರುವಾಗಲೂ ಅದು ಮನೆ. ಹೊಳೆ ಕೊಂಡೊಯ್ದ ಮರುದಿನ ಮಾತ್ರ ಅದು ಒತ್ತುವರಿ! ಇದಕ್ಕೇನನ್ನಬೇಕು?

ಇದನ್ನು ಒಬ್ಬ ಗುಮಾಸ್ತನ ಕಿಡಿಗೇಡಿತನವೆಂದು ತಳ್ಳಿಹಾಕುವಂತಿಲ್ಲ. ಹಾನಿಗೊಂಡ ಮನೆ ಅಧಿಕೃತ ನಿರ್ಮಾಣವೆಂದು ಸಕ್ಷಮ ಪ್ರಾಧಿಕಾರ ದೃಢೀಕರಿಸಿರಬೇಕೆಂಬ ಮಾತು ಕೇಂದ್ರದ ನಿಯಮದಲ್ಲೇ ಇದೆ. ಬಟ್ಟೆ ಮತ್ತು ಪಾತ್ರೆಯ ನಷ್ಟಕ್ಕೆ ಅಂದಿನ ನಿಯಮದಂತೆ ಕುಟುಂಬವೊಂದಕ್ಕೆ ಸಿಗುತ್ತಿದ್ದದ್ದು ಒಟ್ಟು 3,800 ರೂಪಾಯಿ. ಅದಕ್ಕೂ ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಬಿದ್ದಿರಬೇಕು, ಇಲ್ಲವೇ ಎರಡು ದಿನಕ್ಕಿಂತ ಹೆಚ್ಚು ಕಾಲ ನೀರಿನಲ್ಲಿ ಮುಳುಗಿರಬೇಕು. ಕೈಮಗ್ಗ ಮತ್ತು ಕರಕುಶಲದವರ ಸಲಕರಣೆಗೆ 4,100 ರೂಪಾಯಿಯ ನಿಯಮವಿತ್ತು. ಹೊಲಿಗೆ ಯಂತ್ರ, ಗುಜರಿಯವನ ತಳ್ಳುಗಾಡಿ ಮತ್ತು ತಕ್ಕಡಿಯನ್ನು ಆ ಪಟ್ಟಿ ಹೆಸರಿಸಲಿಲ್ಲ. ಬಡವನ ಮನೆಯೆಂದರೆ ಅದು ಅವನ ಅಂಗಡಿ, ಕಾರ್ಖಾನೆ, ಗೋದಾಮು ಕೂಡ ಆಗಿರುತ್ತದೆ ಎಂಬ ಸರಳ ಸತ್ಯ ನಿಯಮ ಬರೆದವರಿಗೆ ಹೊಳೆಯಲಿಲ್ಲ. ಮೊತ್ತಗಳನ್ನು ಬಳಿಕ ಒಂದಿಷ್ಟು ಏರಿಸಲಾಯಿತು. ಬಯಲುಸೀಮೆಯ ಮನೆಗೆ 2022ರಿಂದ 1,20,000 ರೂಪಾಯಿ ಎಂದಾಯಿತು. ಆದರೆ ಕಾಗದವಿಲ್ಲದವನ ಸ್ಥಿತಿ ಅಲ್ಲೇ ನಿಂತಿದೆ.

ಹಾಗಿದ್ದರೆ ಆ ಕುಟುಂಬ ಎಲ್ಲಿ ತಂಗಿತು? ಎದುರು ಬೀದಿಯ ಗೌಡರೊಬ್ಬರು ಗೊಬ್ಬರದ ಮೂಟೆ ಇಡುತ್ತಿದ್ದ ಕೋಣೆಯನ್ನು ತೆರವು ಮಾಡಿ ಕೊಟ್ಟರು. ಏಳು ತಿಂಗಳು ಅಲ್ಲಿದ್ದರು. ಬಾಡಿಗೆ ಕೇಳಲಿಲ್ಲ, ಧರ್ಮ ಕೇಳಲಿಲ್ಲ, ಹಕ್ಕುಪತ್ರವನ್ನಂತೂ ಕೇಳಲೇ ಇಲ್ಲ. ದ್ವೇಷವನ್ನೇ ಬಂಡವಾಳ ಮಾಡಿಕೊಂಡವರು ಇಂತಹ ಕೋಣೆಗಳನ್ನೂ ಒಮ್ಮೆ ನೋಡಬೇಕು. ಆದರೆ ನೆರೆಯವನ ಸಜ್ಜನಿಕೆ ಸರಕಾರದ ಹೊಣೆಗೆ ಬದಲಿಯಾಗಲಾರದು. ಗೋಡೆ ಎಬ್ಬಿಸಲು ಹಣ ಬೇಕಿತ್ತು. ಹೆಂಡತಿ ಮಹಿಳಾ ಗುಂಪಿಗೆ ಸೇರಿ ಕಿರುಸಾಲ ತೆಗೆದಳು. ವಾರ ವಾರ ಕಂತು ಶುರುವಾಯಿತು. ತಳಪಾಯ ಹಾಕುವಷ್ಟರಲ್ಲಿ ಮೊದಲ ಸಾಲ ಮುಗಿಯಿತು. ಕಂತು ಕಟ್ಟಲು ಇನ್ನೊಂದು ಸಾಲ ಬಂತು. ಅಷ್ಟರಲ್ಲಿ ಕೊರೋನಾ ಬಂದು ಗುಜರಿ ಗಾಡಿಯೂ ನಿಂತಿತು.

ಮಗಳು ಹತ್ತನೆ ತರಗತಿ ಮುಗಿಸಿದಳು. ಕಾಲೇಜಿಗೆ ಹೆಸರು ಬರೆಸಲಿಲ್ಲ. ತಾಯಿಯ ಜೊತೆ ಹೊಲಿಗೆಗೆ ಕೂತಳು, ಹದಿನೆಂಟು ತುಂಬಿದ ಮೇಲೆ ಗಾರ್ಮೆಂಟ್ಸ್ ಬಸ್ಸು ಹತ್ತಿದಳು. ಕಳೆದ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋದಾಗ ಮನೆಗೆ ನಾಲ್ಕು ಗೋಡೆಗಳಿದ್ದವು, ಮೇಲೆ ಸಿಮೆಂಟ್ ಶೀಟುಗಳಿದ್ದವು, ಗಾರೆ ಆಗಿರಲಿಲ್ಲ. ಅಜ್ಜಿ ನಮ್ಮ ಕೈ ಹಿಡಿದು ಕೂರಿಸಿಕೊಂಡು ಹೇಳಿದರು: “ಬೇಟಾ, ನೀರು ಒಳಗೆ ಬಂದದ್ದು ಒಂದೇ ರಾತ್ರಿ. ಆಮೇಲೆ ನನ್ನ ಮಗ ಕಚೇರಿಗೆ ಎಷ್ಟು ಸಲ ಹೋದನೆಂದು ನನಗೆ ಲೆಕ್ಕವಿಲ್ಲ.” ಆ ಗೋಡೆಗಳು ಎದ್ದದ್ದು ಸರಕಾರದ ಪರಿಹಾರದಿಂದಲ್ಲ, ಒಬ್ಬ ಹುಡುಗಿಯ ಓದಿನಿಂದ. ‘ಕುಟುಂಬ ಚೇತರಿಸಿಕೊಂಡಿದೆ’ ಎಂದು ಬರೆಯಲು ನಮ್ಮ ಲೇಖನಿ ಒಪ್ಪುವುದಿಲ್ಲ.

ಇದು ಒಂದು ಮನೆಯ ದುರದೃಷ್ಟವೆಂದು ಭಾವಿಸುವವರು ಈ ಸೀಮೆಯ ನೀರಿನ ಚರಿತ್ರೆಯನ್ನು ಗಮನಿಸಬೇಕು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಪೂರ್ಣಗೊಂಡದ್ದು 1979ರಲ್ಲಿ. ಅದರ ಸಾಮರ್ಥ್ಯ 37 ಟಿಎಂಸಿಗೆ ಮಿಕ್ಕಿದೆ. ಹಿನ್ನೀರಿನಲ್ಲಿ ಹಾಸನ ತಾಲೂಕಿನ ಶೆಟ್ಟಿಹಳ್ಳಿಯ ಇಗರ್ಜಿ ಇದೆ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಕಟ್ಟಡ. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುವ ಅದರ ಚಿತ್ರ ತೆಗೆಯಲು ದೂರದೂರದಿಂದ ಜನ ಬರುತ್ತಾರೆ. ಅಲ್ಲಿ ಪ್ರಾರ್ಥಿಸುತ್ತಿದ್ದ ಜನರು ಎಲ್ಲಿ ಹೋದರು ಎಂದು ಕೇಳುವವರು ಎಷ್ಟು ಮಂದಿ? ಮುಳುಗಡೆಯಾದವರಿಗೆಂದು ಮೀಸಲಿಟ್ಟ ಜಮೀನನ್ನು ನಕಲಿ ಸಂತ್ರಸ್ತರ ಹೆಸರಿನಲ್ಲಿ ಮಂಜೂರು ಮಾಡಿಸಿಕೊಂಡ ಆರೋಪ ಈ ಜಿಲ್ಲೆಯಲ್ಲಿ ದಶಕಗಳ ಬಳಿಕವೂ ತನಿಖೆಯ ವಿಷಯವಾಯಿತು. ನಿಜವಾದ ಸಂತ್ರಸ್ತನ ಬಳಿ ಕಾಗದವಿಲ್ಲ. ಕಾಗದವಿದ್ದವನು ಸಂತ್ರಸ್ತನಲ್ಲ!

ಅಣೆಕಟ್ಟಿನ ಕೆಳಗಿನ ಹೊಳೆನರಸೀಪುರದ ಕಥೆ ಬೇರೆ. ಜಲಾಶಯ ತುಂಬಿದ ಆಗಸ್ಟ್‌ನಲ್ಲಿ ಮಲೆನಾಡಿನ ಮಳೆ ನಿಲ್ಲದಿದ್ದರೆ ಬಂದ ನೀರನ್ನೆಲ್ಲ ಹೊಳೆಗೆ ಬಿಡಲೇಬೇಕು. ದಂಡೆಯವರಿಗೆ ಎಚ್ಚರಿಕೆ ಕೊಡಲಾಗುತ್ತದೆ. ಆದರೆ ಎಚ್ಚರಿಕೆ ಕೇಳಿ ಎದ್ದು ಹೋಗಲು ಎತ್ತರದಲ್ಲಿ ಒಂದು ನಿವೇಶನ ಬೇಡವೇ? ಚನ್ನರಾಯಪಟ್ಟಣ ಬರದ ಸೀಮೆ, ಅಲ್ಲಿ ಹೊಳೆಯ ಭಯವಿಲ್ಲ. ಅಲ್ಲಿಯೂ ಹೇಮಾವತಿಯ ನೀರನ್ನು ತುಮಕೂರಿನತ್ತ ಒಯ್ಯಲು ಕೊರೆದ ಬಾಗೂರು-ನವಿಲೆ ಸುರಂಗದಿಂದ ನೊಂದ ರೈತರು ಪರಿಹಾರಕ್ಕಾಗಿ ವರ್ಷಾನುಗಟ್ಟಲೆ ಧರಣಿ ಕೂರಬೇಕಾಯಿತು. ಒಂದೆಡೆ ಅಣೆಕಟ್ಟು, ಒಂದೆಡೆ ನೆರೆ, ಇನ್ನೊಂದೆಡೆ ನಾಲೆ. ಕಾರಣಗಳು ಬೇರೆಯಾದರೂ ಕೊನೆಗೆ ಎಲ್ಲರೂ ಬಂದು ನಿಲ್ಲುವುದು ಒಂದೇ ಸಾಲಿನಲ್ಲಿ, ಕೈಯಲ್ಲಿ ಅರ್ಜಿ ಹಿಡಿದು.

ಅಧಿಕಾರದ ಅಭಾವದಿಂದ ಹೀಗಾಯಿತೆಂದು ಹೇಳುವಂತಿಲ್ಲ. ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರು 1996ರಲ್ಲಿ ಈ ದೇಶದ ಪ್ರಧಾನಿಯಾದರು. ಅವರ ಮಗ ಎರಡು ಬಾರಿ ಮುಖ್ಯಮಂತ್ರಿಯಾದರು, ಇನ್ನೊಬ್ಬ ಮಗ ಪ್ರಬಲ ಸಚಿವರಾದರು. ಹಾಸನಕ್ಕೆ ರಸ್ತೆಗಳು ಬಂದವು, ಕಾಲೇಜುಗಳು ಬಂದವು, ಕಟ್ಟಡಗಳು ಬಂದವು. ಆ ಕೆಲಸವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಷ್ಟೆಲ್ಲ ಕಟ್ಟಿದವರಿಗೆ ದಂಡೆಯ ಬಡವರನ್ನು ಹೊಳೆಯ ಬಾಯಿಯಿಂದ ಮೇಲೆತ್ತಿ ಕೂರಿಸುವುದು ಅಸಾಧ್ಯದ ಮಾತಾಗಿತ್ತೇ? ಉಳಿದ ಪಕ್ಷಗಳೂ ಬೀಗುವ ಅಗತ್ಯವಿಲ್ಲ. 2019ರ ನೆರೆಯಲ್ಲಿ 35 ಸಾವಿರ ಕೋಟಿಗೂ ಮಿಕ್ಕ ನಷ್ಟವಾಗಿದೆಯೆಂದು ರಾಜ್ಯ ಲೆಕ್ಕ ಕೊಟ್ಟಿತು. ಆಗ ರಾಜ್ಯದಲ್ಲೂ ಕೇಂದ್ರದಲ್ಲೂ ಒಂದೇ ಪಕ್ಷದ ಸರಕಾರವಿತ್ತು. ದೆಹಲಿಯಿಂದ ಮೊದಲ ಮಧ್ಯಂತರ ನೆರವಿನ ಘೋಷಣೆ ಬಂದದ್ದು ಅಕ್ಟೋಬರ್‌ನಲ್ಲಿ, 1,200 ಕೋಟಿ. ಬಳಿಕ ಬಂದ ಕಾಂಗ್ರೆಸ್ ಸರಕಾರದ ಅವಧಿಯಲ್ಲೂ ಮೊತ್ತದ ಬಗ್ಗೆ ವಾದವಿವಾದ ನಡೆಯಿತು.

ಮನಸ್ಸಿದ್ದರೆ ಏನು ಮಾಡಬಹುದೆಂಬುದಕ್ಕೆ ಪಕ್ಕದ ಕೊಡಗೇ ಸಾಕ್ಷಿ. 2018ರ ಭೂಕುಸಿತದಲ್ಲಿ ಮನೆ ಕಳಕೊಂಡವರಿಗಾಗಿ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಬಡಾವಣೆಗಳೇ ಎದ್ದವು. ಒಂದೊಂದು ಮನೆಗೆ ಸುಮಾರು 9.85 ಲಕ್ಷ ರೂಪಾಯಿ ವೆಚ್ಚವಾಯಿತು. ಅಲ್ಲಿಯೂ ವಿಳಂಬವಿತ್ತು, ದೂರುಗಳಿದ್ದವು. ಆದರೂ 2020ರಲ್ಲಿ ನೂರಾರು ಕುಟುಂಬಗಳ ಕೈಗೆ ಕೀಲಿ ಬಂತು. ಅದೇ ಮಳೆ, ಅದೇ ಕಾವೇರಿ. ಬೆಟ್ಟದ ಮೇಲೆ ಮನೆ ಕಳಕೊಂಡವನಿಗೆ ಬಡಾವಣೆ ಸಿಕ್ಕಿತು. ಅದೇ ನೀರು ಕೆಳಗಿಳಿದು ಬಂದು ಮನೆ ಕೆಡವಿದಾಗ ಸಿಕ್ಕಿದ್ದು ಬಿಸ್ಕತ್ತು.

‘ಹೊಳೆಯ ದಂಡೆಯಲ್ಲಿ ಮನೆ ಕಟ್ಟಲು ಇವರಿಗೆ ಯಾರು ಹೇಳಿದರು?’ ಎಂದು ಪ್ರಶ್ನಿಸುವ ಮಧ್ಯಮ ವರ್ಗದ ಮಂದಿಯೂ ಇದ್ದಾರೆ. ಇವರಿಗೆ ನಮ್ಮ ಉತ್ತರ ಇಷ್ಟೇ. ಬಟ್ಟೆ ಒಗೆಯುವವನು, ಮೀನು ಹಿಡಿಯುವವನು, ಇಟ್ಟಿಗೆ ಸುಡುವವನು, ದಿನಗೂಲಿಯವನು ದಂಡೆಯಲ್ಲಿ ಇರುವುದು ಅಲ್ಲಿನ ಸೊಬಗು ನೋಡಲಿಕ್ಕಲ್ಲ. ಊರೊಳಗಿನ ನೆಲದ ಬೆಲೆ ಅವನಿಗೆ ಎಟುಕುವುದಿಲ್ಲ, ಬಾಡಿಗೆ ಮನೆ ಅವನ ಹೆಸರು ಕೇಳಿದ ಮೇಲೆ ಖಾಲಿ ಇರುವುದಿಲ್ಲ. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಬಡವರಿಗೆ ಹಕ್ಕು ಕೊಡಲು ಭೂಕಂದಾಯ ಕಾಯ್ದೆಯಲ್ಲಿ 94ಸಿ ಮತ್ತು 94ಸಿಸಿ ಎಂಬ ಕಲಮುಗಳಿವೆ. ನದಿದಂಡೆಯಲ್ಲಿ ಅಪಾಯವಿರುವುದರಿಂದ ಅಲ್ಲಿ ಸಕ್ರಮ ಬೇಡ ಎಂದಾದರೆ ನಾವೂ ಒಪ್ಪುತ್ತೇವೆ. ಆದರೆ ಅಲ್ಲಿ ಕೊಡದ ಹಕ್ಕನ್ನು ಎತ್ತರದ ಜಾಗದಲ್ಲಿ ಕೊಡಬೇಕು. ಇಲ್ಲಿಂದ ಏಳು ಎನ್ನುವ ಸರಕಾರ ಎಲ್ಲಿ ಕೂರಬೇಕೆಂಬುದನ್ನೂ ಹೇಳಬೇಕು.

ಇನ್ನು ನಮ್ಮ ಸಮುದಾಯದ ಕಡೆ ತಿರುಗೋಣ. ಸರಕಾರವನ್ನು ಪ್ರಶ್ನಿಸುವವರು ತಮ್ಮನ್ನು ತಾವು ಪ್ರಶ್ನಿಸಿಕೊಳ್ಳದಿದ್ದರೆ ಆ ಮಾತಿಗೆ ತೂಕವಿರುವುದಿಲ್ಲ. ನೆರೆ ಬಂದ ಮೊದಲ ವಾರ ನಮ್ಮ ಯುವಕರು ದುಡಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮೊಣಕಾಲು ಕೆಸರಿನಲ್ಲಿ ನಿಂತು ಎಲ್ಲ ಜಾತಿಯವರ ಮನೆಗಳನ್ನೂ ತೊಳೆದರು. ಅವರಿಗೆ ನಮ್ಮ ಗೌರವವಿದೆ. ಆದರೆ ಎರಡನೆಯ ವಾರದಲ್ಲಿ ಏನಾಯಿತು? ಅಕ್ಕಿ, ಬೇಳೆ, ಎಣ್ಣೆಯ ಕಿಟ್ಟುಗಳು ಬಂದವು. ಕಿಟ್ಟಿನೊಂದಿಗೆ ಬ್ಯಾನರು ಬಂತು, ಬ್ಯಾನರಿನೊಂದಿಗೆ ಕ್ಯಾಮರಾ ಬಂತು. ಕಿಟ್ಟು ಪಡೆಯುವ ಮಹಿಳೆ ಸೆರಗಿನಿಂದ ಮುಖ ಮರೆಸಿಕೊಂಡಳು, ಕೊಡುವವರು ಮುಖ ತೋರಿಸಿದರು. ಸಚಿವರು ದೂರದಿಂದ ಎಸೆದರು, ನಾವು ಹತ್ತಿರದಿಂದ ಎಸೆದೆವು. ವ್ಯತ್ಯಾಸ ಅಷ್ಟೇ ಅಲ್ಲವೇ?

ಮೂರನೆಯ ತಿಂಗಳಲ್ಲಿ, ಗೋಡೆಗೆ ಇಟ್ಟಿಗೆ ಬೇಕಾದಾಗ, ಆ ದಂಡೆಯಲ್ಲಿ ಯಾವ ಬ್ಯಾನರೂ ಇರಲಿಲ್ಲ. ಅಲ್ಲಿದ್ದದ್ದು ಕಂತು ವಸೂಲಿಯವನ ಬೈಕು ಮಾತ್ರ. ಬಡ್ಡಿ ನಿಷಿದ್ಧವೆಂದು ನಾವು ಪ್ರತಿ ಶುಕ್ರವಾರ ಕೇಳುತ್ತೇವೆ. ಆದರೆ ಬಡ್ಡಿಯಿಲ್ಲದ ಸಾಲ ಕೊಡುವ ಒಂದು ನಿಧಿಯನ್ನು ಎಷ್ಟು ಜಮಾಅತ್‌ಗಳು ಕಟ್ಟಿವೆ? ಝಕಾತ್‌ಗೆ ಅರ್ಹವಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಒಂದು ವರ್ಗವೆಂಬುದು ಮದ್ರಸದ ಮಗುವಿಗೂ ಗೊತ್ತು. ನಾವಾದರೋ ಅದನ್ನು ರಮಝಾನಿನಲ್ಲಿ ಬಾಗಿಲಿಗೆ ಬಂದವರಿಗೆ ಹತ್ತು, ಐವತ್ತು, ನೂರು ಎಂದು ಚಿಲ್ಲರೆಯಾಗಿ ಹಂಚಿ ಕೈ ತೊಳೆದುಕೊಳ್ಳುತ್ತೇವೆ. ಒಂದೂರಿನ ಝಕಾತ್ ಒಂದೆಡೆ ಸೇರಿದರೆ ವರ್ಷಕ್ಕೆ ಎರಡು ಕುಟುಂಬಗಳ ಕಿರುಸಾಲವನ್ನಾದರೂ ತೀರಿಸಬಹುದಲ್ಲವೇ? ಮದುವೆ ಮಂಟಪದ ಒಂದು ರಾತ್ರಿಯ ದೀಪಾಲಂಕಾರದಲ್ಲಿ ಒಂದು ಮನೆಯ ಮಾಡು ಅಡಗಿದೆಯೆಂದರೆ ಅತಿಶಯೋಕ್ತಿಯಾಗದು. ಸಾಲಗಾರರಿಗೆ ಕಿರುಕುಳ ಕೊಡುವುದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಆದರೆ ಕಾನೂನು ವಸೂಲಿಯವನ ಗದರಿಕೆಯನ್ನು ತಡೆಯಬಹುದು, ಸಾಲದ ಅಗತ್ಯವನ್ನು ತಡೆಯಲಾರದು. ಅದನ್ನು ತಡೆಯುವ ಹೊಣೆ ಸರಕಾರದ್ದೂ ಹೌದು, ನಮ್ಮದೂ ಹೌದು.

ಆದ್ದರಿಂದ ನಮ್ಮ ಆಗ್ರಹ ಸ್ಪಷ್ಟವಾಗಿದೆ. ಒಂದು, ಹೊಳೆದಂಡೆಯ ಪ್ರತಿಯೊಂದು ಮನೆಯ ಸಮೀಕ್ಷೆ ಬೇಸಿಗೆಯಲ್ಲೇ ಆಗಬೇಕು. ಮನೆಯ ಚಿತ್ರ, ವಾಸಿಸುವವರ ಹೆಸರು, ಬಾಡಿಗೆಗಿದ್ದರೆ ಬಾಡಿಗೆದಾರನ ಹೆಸರು ಮೊದಲೇ ದಾಖಲಾದರೆ ಆಗಸ್ಟ್‌ನಲ್ಲಿ ‘ಇಲ್ಲಿ ಮನೆಯಿತ್ತೇ?’ ಎಂಬ ಪ್ರಶ್ನೆ ಏಳದು. ಎರಡು, ನೀರಿಳಿದು ಒಂದು ತಿಂಗಳ ಬಳಿಕ ಎರಡನೆಯ ಸಮೀಕ್ಷೆ ಕಡ್ಡಾಯವಾಗಬೇಕು. ಮಣ್ಣಿನ ಗೋಡೆಗೆ ಬೀಳಲು ಸಮಯ ಕೊಡಿ. ಮೂರು, ಕಂದಾಯ ರಶೀದಿ ಮತ್ತು ವಿದ್ಯುತ್ ಬಿಲ್ಲುಗಳನ್ನು ವಾಸದ ಪುರಾವೆಯಾಗಿ ಸ್ವೀಕರಿಸಬೇಕು. ನಾಲ್ಕು, ಪ್ರವಾಹ ಮಟ್ಟಕ್ಕಿಂತ ಎತ್ತರದಲ್ಲಿ ನಿವೇಶನ ಗುರುತಿಸಿ, ಮನೆಯೊಡತಿಯ ಹೆಸರಿನಲ್ಲಿ ಹಕ್ಕುಪತ್ರ ಕೊಡಬೇಕು. ಐದು, ತಳಪಾಯ ಹಾಕಿ ಚಿತ್ರ ತೆಗೆದ ಮೇಲೆ ಕಂತು ಎಂಬ ಪದ್ಧತಿ ಕೈಯಲ್ಲಿ ಕಾಸಿದ್ದವನಿಗೆ ಸರಿ. ಏನೂ ಉಳಿಯದವನಿಗೆ ಮೊದಲ ಕಂತಿನಲ್ಲೇ ಸೂರು ನಿಲ್ಲುವಷ್ಟು ಹಣ ಸಿಗಬೇಕು.

ಮಸೀದಿ ಸಮಿತಿಗಳು, ಸಂಘಟನೆಗಳು ಮಾಡಬೇಕಾದ ಕೆಲಸವೂ ಇದೆ. ಕಿಟ್ಟಿನ ಹಣದಲ್ಲಿ ಅರ್ಧವನ್ನು ಆರು ತಿಂಗಳ ಬಳಿಕದ ಖರ್ಚಿಗೆ ತೆಗೆದಿಡಲಿ. ಅರ್ಜಿ ಬರೆದುಕೊಡುವ, ಮರುಸಮೀಕ್ಷೆಗೆ ಬೆನ್ನು ಹತ್ತುವ ಇಬ್ಬರು ವಿದ್ಯಾವಂತರನ್ನು ಪ್ರತಿ ಊರಿನಲ್ಲಿ ನೇಮಿಸಲಿ. ಆ ಮೇಜಿಗೆ ಬರುವವನು ಮುಸ್ಲಿಮನೋ ಬೆಸ್ತನೋ ದಲಿತನೋ ಎಂದು ಕೇಳದಿರಲಿ. ಗೊಬ್ಬರದ ಕೋಣೆ ತೆರೆದ ಗೌಡರು ಕೇಳಲಿಲ್ಲ.

ಹೇಮಾವತಿ ಮತ್ತೆ ತುಂಬುತ್ತಾಳೆ, ಕಾವೇರಿ ಮತ್ತೆ ಉಕ್ಕುತ್ತಾಳೆ. ಮತ್ತೆ ಗಂಜಿ ಕೇಂದ್ರ ತೆರೆಯುತ್ತದೆ, ಮತ್ತೆ ಮುಖಂಡರು ಬರುತ್ತಾರೆ, ನಾವೂ ಬ್ಯಾನರು ಹಿಡಿದು ಹೋಗುತ್ತೇವೆ. ಆಗ ಆ ಗಾರೆಯಾಗದ ಮನೆಯ ಹುಡುಗಿ ಗಾರ್ಮೆಂಟ್ಸ್ ಬಸ್ಸಿನಿಂದಿಳಿದು ಬಂದು, ಇನ್ನೂ ಬಾಕಿಯಿರುವ ಕಂತಿನ ಪುಸ್ತಕವನ್ನು ನಮ್ಮ ಮುಂದಿಟ್ಟರೆ ಏನು ಉತ್ತರ ಕೊಡುತ್ತೇವೆ? ಉತ್ತರ ಸಿದ್ಧಪಡಿಸಲು ಮುಂದಿನ ಮಳೆಗಾಲದವರೆಗೆ ಕಾಯಬೇಕಾಗಿಲ್ಲ. ಅವಳ ತಂದೆಯ ಅರ್ಜಿ ಇಂದಿಗೂ ಮೇಜಿನ ಮೇಲೇ ಇದೆ.